ಆಯ್ಕೆ ಒಂದೇ, ಬಟನ್ ಹಲವು: ಜಾವಾದ ವಿಕೆಟ್ ಫ್ರೇಮ್‌ವರ್ಕ್‌ನಲ್ಲಿ ರೇಡಿಯೊ ಬಟನ್ ಹೇಗೆ ಕೆಲಸ ಮಾಡುತ್ತದೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಬಸ್ಸೊಂದಕ್ಕೆ ಆನ್‌ಲೈನಿನಲ್ಲಿ ಸೀಟು ಕಾಯ್ದಿರಿಸುತ್ತಿದ್ದೀರಿ ಎಂದುಕೊಳ್ಳಿ. ಎಲ್ಲಿ ಹತ್ತುತ್ತೀರಿ ಎಂದು ಕೇಳುವ ಕಡೆ ನಾಲ್ಕು ಹೆಸರುಗಳಿವೆ: ಮೆಜೆಸ್ಟಿಕ್, ಸ್ಯಾಟಲೈಟ್ ನಿಲ್ದಾಣ, ಕೆಂಗೇರಿ, ರಾಮನಗರ. ಪ್ರತಿ ಹೆಸರಿನ ಪಕ್ಕ ಪುಟ್ಟದೊಂದು ವೃತ್ತ. ನೀವು ಕೆಂಗೇರಿಯ ವೃತ್ತ ಒತ್ತಿದಿರಿ, ಅದರೊಳಗೆ ಚುಕ್ಕಿ ಮೂಡಿತು. ಫೋನ್ ಬಂತು, ಮಾತಾಡಿ ಮುಗಿಸಿದಿರಿ, ಆಮೇಲೆ ‘ಮುಂದೆ’ ಬಟನ್ ಒತ್ತಿದಿರಿ. ಟಿಕೆಟ್ ಬಂತು. ಅದರಲ್ಲಿ ಹತ್ತುವ ಸ್ಥಳ ರಾಮನಗರ ಎಂದಿದೆ.

ನೀವು ತಪ್ಪು ಒತ್ತಿಲ್ಲ. ಸರ್ವರ್ ಕೆಟ್ಟಿಲ್ಲ. ಪರದೆಯ ಮೇಲೆ ಎಲ್ಲೂ ದೋಷದ ಸಂದೇಶವಿಲ್ಲ. ಆದರೂ ಹೀಗಾಗುವುದು ಸಾಧ್ಯ. ಏಕೆ ಸಾಧ್ಯ ಎಂದು ತಿಳಿಯಬೇಕಾದರೆ ಆ ಪುಟ್ಟ ವೃತ್ತದ ಹಿಂದೆ ಏನೇನು ನಡೆಯುತ್ತದೆ ಎಂಬುದನ್ನು ಬುಡದಿಂದ ನೋಡಬೇಕು. ಉದಾಹರಣೆಗೆ ಅಪಾಚೆ ವಿಕೆಟ್ ಎಂಬ ಜಾವಾ ಫ್ರೇಮ್‌ವರ್ಕ್ (ವೆಬ್ ಪುಟ ಕಟ್ಟಲು ನೆರವಾಗುವ ಸಿದ್ಧ ಕೋಡಿನ ಚೌಕಟ್ಟು) ಅನ್ನು ಇಟ್ಟುಕೊಂಡಿದ್ದೇನೆ. ಜಾವಾ ಈಗಷ್ಟೇ ಕಲಿಯುತ್ತಿರುವವರಿಗೂ, ಇಂಥ ಹಳೆಯ ಅಪ್ಲಿಕೇಶನ್ ಒಂದನ್ನು ನೋಡಿಕೊಳ್ಳುವ ಕೆಲಸ ಏಕಾಏಕಿ ಹೆಗಲಿಗೆ ಬಿದ್ದವರಿಗೂ ಅರ್ಥವಾಗುವಂತೆ ಬರೆಯುವುದು ನನ್ನ ಉದ್ದೇಶ. ಆದ್ದರಿಂದ ಕೋಡಿನ ಸಾಲುಗಳಿಗಿಂತ ಅವುಗಳ ಹಿಂದಿರುವ ಕಾರಣಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ರೇಡಿಯೊ ಎಂಬ ಹೆಸರು ಎಲ್ಲಿಂದ ಬಂತು

ಹಳೆಯ ಕಾರುಗಳ ರೇಡಿಯೊದಲ್ಲಿ ಸಾಲಾಗಿ ಐದಾರು ಗುಂಡಿಗಳಿರುತ್ತಿದ್ದವು. ಒಂದೊಂದು ಗುಂಡಿಗೆ ಒಂದೊಂದು ಸ್ಟೇಷನ್. ಒಂದನ್ನು ಒತ್ತಿದರೆ ಅದು ಒಳಗೆ ಕೂರುತ್ತಿತ್ತು, ಮೊದಲು ಒಳಗಿದ್ದದ್ದು ಟಕ್ಕನೆ ಹೊರಗೆ ಬರುತ್ತಿತ್ತು. ಎರಡು ಸ್ಟೇಷನ್ ಒಟ್ಟಿಗೆ ಕೇಳಲು ಆಗುವುದಿಲ್ಲವಲ್ಲ. ಕಾರಿನ ರೇಡಿಯೊ ಕಾಣದವರು ಮನೆಯ ಟೇಪ್ ರೆಕಾರ್ಡರ್ ನೆನಪು ಮಾಡಿಕೊಳ್ಳಿ: ಪ್ಲೇ ಒತ್ತಿದ್ದಾಗ ರಿವೈಂಡ್ ಒತ್ತಿದರೆ ಪ್ಲೇ ತಾನಾಗಿ ಮೇಲೇಳುತ್ತಿತ್ತು.

ಕಂಪ್ಯೂಟರಿನ ಪರದೆಗೆ ಬಂದದ್ದು ಆ ಗುಂಡಿಗಳ ನಡತೆ. 1995ರ ನವೆಂಬರಿನಲ್ಲಿ ಪ್ರಕಟವಾದ, ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 2.0 ನಿರ್ದಿಷ್ಟತೆಯಲ್ಲೇ ಫಾರ್ಮ್‌ಗಳಿಗೆ ರೇಡಿಯೊ ಬಟನ್ ಇತ್ತು. ಅಂದಿನಿಂದ ಇಂದಿನವರೆಗೆ ಅದರ ಮೂಲ ಸ್ವಭಾವ ಬದಲಾಗಿಲ್ಲ.

ಚೆಕ್‌ಬಾಕ್ಸ್ ಒಂಟಿಯಾಗಿ ಬದುಕಬಲ್ಲದು. ‘ನಿಯಮಗಳಿಗೆ ಒಪ್ಪಿದ್ದೇನೆ’ ಎಂಬ ಒಂದೇ ಚೆಕ್‌ಬಾಕ್ಸಿಗೆ ಅರ್ಥವಿದೆ. ಒತ್ತಬಹುದು, ಬೇಡವಾದರೆ ತೆಗೆಯಬಹುದು. ಒಂದೇ ಒಂದು ರೇಡಿಯೊ ಬಟನ್‌ಗೆ ಅರ್ಥವೇ ಇಲ್ಲ. ಒಮ್ಮೆ ಒತ್ತಿದರೆ ಅದನ್ನೇ ಮತ್ತೆ ಒತ್ತಿ ತೆಗೆಯಲು ಬರುವುದಿಲ್ಲ, ಇನ್ನೊಂದನ್ನು ಒತ್ತಿದಾಗ ಮಾತ್ರ ಅದು ಬಿಡುತ್ತದೆ. ಅಂದರೆ ಪ್ರಶ್ನೆ ಒಂದು, ಉತ್ತರ ಒಂದು, ಬಟನ್ ಮಾತ್ರ ಹಲವು. ಈ ಲೇಖನದಲ್ಲಿ ಬರುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಬ್ರೌಸರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಪುಟದಲ್ಲಿ ನಾಲ್ಕು ರೇಡಿಯೊ ಬಟನ್ ಇದ್ದರೆ ಅವು ಒಂದೇ ಗುಂಪಿನವು ಎಂದು ಬ್ರೌಸರಿಗೆ ಹೇಗೆ ಗೊತ್ತಾಗುತ್ತದೆ? ಅವು ಅಕ್ಕಪಕ್ಕ ಇವೆ ಎಂಬುದರಿಂದ ಅಲ್ಲ. ನಾಲ್ಕಕ್ಕೂ ‘ನೇಮ್’ ಎಂಬ ಗುಣದಲ್ಲಿ ಒಂದೇ ಹೆಸರು ಕೊಟ್ಟಿರಬೇಕು. ಒಂದು ಮನೆಯವರಿಗೆ ಒಂದೇ ಮನೆತನದ ಹೆಸರು ಇದ್ದಂತೆ. ಒಂದೇ ಫಾರ್ಮಿನಲ್ಲಿ ಒಂದೇ ನೇಮ್ ಇರುವ ರೇಡಿಯೊಗಳು ಒಂದು ಗುಂಪು, ಅವುಗಳಲ್ಲಿ ಒಂದಕ್ಕೆ ಮಾತ್ರ ಚುಕ್ಕಿ.

ಎರಡನೆಯ ಗುಣ ‘ವ್ಯಾಲ್ಯೂ’. ಇದು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಫಾರ್ಮ್ ಕಳುಹಿಸಿದಾಗ ಸರ್ವರಿಗೆ ಹೋಗುವುದು ಒತ್ತಿದ ಬಟನ್ನಿನ ವ್ಯಾಲ್ಯೂ ಮಾತ್ರ. ‘ಕೆಂಗೇರಿ’ ಎಂದು ಪರದೆಯಲ್ಲಿ ಕಾಣುವ ಅಕ್ಷರಗಳು ಹೋಗುವುದೇ ಇಲ್ಲ. ವ್ಯಾಲ್ಯೂ ಬರೆಯುವುದನ್ನೇ ಮರೆತರೆ ಯಾವ ಬಟನ್ ಒತ್ತಿದರೂ ‘ಆನ್’ ಎಂಬ ಒಂದೇ ಪದ ಹೋಗುತ್ತದೆ. ಯಾವುದು ಆನ್ ಎಂದು ಸರ್ವರಿಗೆ ತಿಳಿಯುವುದಿಲ್ಲ. ಮೂರನೆಯದು ‘ಚೆಕ್ಡ್’: ಪುಟ ತೆರೆದಾಗಲೇ ಯಾವುದಕ್ಕೆ ಚುಕ್ಕಿ ಇರಬೇಕು ಎಂಬುದನ್ನು ಇದು ಹೇಳುತ್ತದೆ.

ಮತಗಟ್ಟೆಯ ಇವಿಎಂ ಇದಕ್ಕೆ ಹತ್ತಿರದ ಹೋಲಿಕೆ. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ 16 ನೀಲಿ ಗುಂಡಿಗಳು. ಪಕ್ಕದಲ್ಲಿ ಅಭ್ಯರ್ಥಿಗಳ ಹೆಸರು, ಚಿಹ್ನೆ ಇರುವ ಕಾಗದ. ಎಣಿಕೆಗೆ ಆಧಾರವಾಗುವುದು ಯಾವ ಕ್ರಮಸಂಖ್ಯೆಯ ಗುಂಡಿ ಒತ್ತಲಾಯಿತು ಎಂಬ ಸಂಗತಿ. ಹೆಸರು ಮತದಾರರಿಗಾಗಿ, ಸಂಖ್ಯೆ ಯಂತ್ರಕ್ಕಾಗಿ. ಕ್ರಮಸಂಖ್ಯೆಗೂ ಹೆಸರಿಗೂ ಇರುವ ನಂಟು ಅಧಿಕೃತ ಪಟ್ಟಿಯಲ್ಲಿದೆ. ಮತದಾನ ಶುರುವಾದ ಮೇಲೆ ಆ ಪಟ್ಟಿಯನ್ನು ಯಾರೂ ಹಿಂದೆಮುಂದೆ ಮಾಡುವಂತಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಕೆಂಗೇರಿಯ ಗುಟ್ಟು ಅದರಲ್ಲೇ ಇದೆ. (ಇವಿಎಂನಲ್ಲಿ ಒತ್ತಿದ ಮೇಲೆ ಮನಸ್ಸು ಬದಲಿಸಲಾಗದು, ರೇಡಿಯೊ ಬಟನ್‌ನಲ್ಲಿ ಫಾರ್ಮ್ ಕಳುಹಿಸುವ ತನಕ ಬದಲಿಸಬಹುದು. ಹೋಲಿಕೆ ಅಷ್ಟಕ್ಕೆ ನಿಲ್ಲುತ್ತದೆ.)

ಯಾವುದನ್ನೂ ಒತ್ತದಿದ್ದರೆ? ‘ಖಾಲಿ’ ಎಂಬ ಉತ್ತರವೂ ಹೋಗುವುದಿಲ್ಲ. ಆ ಪ್ರಶ್ನೆಯ ಹೆಸರೇ ಸರ್ವರಿಗೆ ತಲುಪುವುದಿಲ್ಲ. ಕೇಳಿದಾಗ ಜಾವಾ ‘ನಲ್’ ಅನ್ನುತ್ತದೆ, ಅಂದರೆ ಏನೂ ಇಲ್ಲ. ಅಂಚೆಯವನು ಖಾಲಿ ಲಕೋಟೆ ತಂದುಕೊಡುವುದಕ್ಕೂ ಲಕೋಟೆಯನ್ನೇ ತಾರದಿರುವುದಕ್ಕೂ ಇರುವ ವ್ಯತ್ಯಾಸ ಇದು.

ನಡುವೆ ಫ್ರೇಮ್‌ವರ್ಕ್ ಏಕೆ ಬೇಕು

ಬ್ರೌಸರಿಗೂ ಸರ್ವರಿಗೂ ನಡುವಿನ ದಾರಿಯಲ್ಲಿ ಸಾಗುವುದು ಬರೀ ಪಠ್ಯ. ಜಾವಾದ ಲೋಕ ಬೇರೆ. ಅಲ್ಲಿ ‘ನಿಲ್ದಾಣ’ ಎಂಬುದು ಒಂದು ಆಬ್ಜೆಕ್ಟ್: ಅದಕ್ಕೊಂದು ಗುರುತಿನ ಸಂಖ್ಯೆ, ಹೆಸರು, ಬಸ್ ಬರುವ ಸಮಯ, ನಕ್ಷೆಯಲ್ಲಿನ ಜಾಗ. ‘ಬುಕಿಂಗ್’ ಇನ್ನೊಂದು ಆಬ್ಜೆಕ್ಟ್, ಅದರೊಳಗೆ ‘ಹತ್ತುವ ನಿಲ್ದಾಣ’ ಎಂಬ ಖಾನೆ. ಪ್ರಯಾಣಿಕರು ವೃತ್ತ ಒತ್ತಿದಾಗ ಆ ಖಾನೆಯಲ್ಲಿ ಸರಿಯಾದ ನಿಲ್ದಾಣದ ಆಬ್ಜೆಕ್ಟ್ ಬಂದು ಕೂರಬೇಕು. ಆಬ್ಜೆಕ್ಟನ್ನು ಪಠ್ಯ ಮಾಡಿ ಕಳುಹಿಸುವುದು ಸುಲಭ. ಮರಳಿ ಬಂದ ಪಠ್ಯ ಯಾವ ಆಬ್ಜೆಕ್ಟಿನದು ಎಂದು ಹುಡುಕುವುದು ಕಷ್ಟ. ಮದುವೆಮನೆಯಲ್ಲಿ ಚಪ್ಪಲಿ ಬಿಟ್ಟು ಟೋಕನ್ ಪಡೆದ ಹಾಗೆ. ಟೋಕನ್ ಕೊಟ್ಟಾಗ ನಿಮ್ಮದೇ ಚಪ್ಪಲಿ ಸಿಗಬೇಕು.

ಈ ಕೆಲಸವನ್ನು ಪ್ರತಿ ಪುಟಕ್ಕೂ ಕೈಯಿಂದ ಬರೆಯುವುದನ್ನು ತಪ್ಪಿಸಲು ಬಂದವು ಕಾಂಪೊನೆಂಟ್ (ಬಟನ್, ಪಟ್ಟಿಯಂಥ ಪುಟದ ಒಂದು ತುಂಡು) ಆಧಾರಿತ ಫ್ರೇಮ್‌ವರ್ಕ್‌ಗಳು. ವಿಕೆಟ್ ಅನ್ನು ಜೊನಾಥನ್ ಲಾಕ್ 2004ರಲ್ಲಿ ಆರಂಭಿಸಿದರು; 2007ರಲ್ಲಿ ಅದು ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ನ ಪೂರ್ಣ ಪ್ರಮಾಣದ ಯೋಜನೆಯಾಯಿತು. ಅದರ ರೀತಿ ಸರಳ. ಎಚ್‌ಟಿಎಂಎಲ್ ಕಡತ ಎಚ್‌ಟಿಎಂಎಲ್ ಆಗಿಯೇ ಇರುತ್ತದೆ, ಅದರ ಕೆಲವು ಟ್ಯಾಗ್‌ಗಳಿಗೆ ಒಂದೊಂದು ವಿಕೆಟ್ ಗುರುತು ಹಾಕಿರುತ್ತಾರೆ. ಅದೇ ಗುರುತಿನ ಜಾವಾ ಕಾಂಪೊನೆಂಟ್ ಸರ್ವರಿನಲ್ಲಿರುತ್ತದೆ. ಎರಡನ್ನೂ ಗುರುತಿನಿಂದ ಜೋಡಿಸುವುದು ವಿಕೆಟ್ ಕೆಲಸ.

ಇಲ್ಲಿ ಇನ್ನೊಂದು ಪದ ಬರುತ್ತದೆ: ಮಾಡೆಲ್. ಕಾಂಪೊನೆಂಟ್ ತನ್ನ ಬೆಲೆಯನ್ನು (ಅಂದರೆ ತಾನು ಹಿಡಿದಿರುವ ಮಾಹಿತಿಯನ್ನು) ಎಲ್ಲಿಂದ ತರಬೇಕು, ಎಲ್ಲಿ ಇಡಬೇಕು ಎಂದು ಹೇಳುವ ದಾರಿಯೇ ಮಾಡೆಲ್. ಬಾವಿ ಬೇರೆ, ಹಗ್ಗ ಬೇರೆ ಅನ್ನುವ ಹಾಗೆ, ಬುಕಿಂಗ್ ಆಬ್ಜೆಕ್ಟ್ ಬಾವಿಯಾದರೆ ಮಾಡೆಲ್ ಅದಕ್ಕೆ ಇಳಿಬಿಟ್ಟ ಹಗ್ಗ.

ವಿಕೆಟ್‌ನಲ್ಲಿ ಎರಡು ದಾರಿ

ಮೊದಲ ದಾರಿ ‘ರೇಡಿಯೊಚಾಯ್ಸ್’. ಆಯ್ಕೆಗಳ ಪಟ್ಟಿ ಕೊಟ್ಟರೆ ಸಾಕು, ಪ್ರತಿಯೊಂದಕ್ಕೂ ವೃತ್ತವನ್ನೂ ಹೆಸರಿನ ಲೇಬಲ್ಲನ್ನೂ ಅದೇ ಬರೆದುಕೊಡುತ್ತದೆ. ಪಟ್ಟಿ ಎಷ್ಟೇ ಉದ್ದವಿರಲಿ, ಎಚ್‌ಟಿಎಂಎಲ್‌ನಲ್ಲಿ ನೀವು ಬರೆಯಬೇಕಾದದ್ದು ಒಂದೇ ಟ್ಯಾಗ್. ಆಯ್ಕೆಗಳು ಒಂದರ ಕೆಳಗೊಂದು ಬಂದರೆ ಸಾಕು ಎನ್ನುವ ಕಡೆ ನಾನು ಇದನ್ನೇ ಹೇಳುತ್ತೇನೆ.

ಎರಡನೆಯದು ‘ರೇಡಿಯೊಗ್ರೂಪ್’ ಮತ್ತು ಅದರೊಳಗೆ ಹಲವು ‘ರೇಡಿಯೊ’. ಒಂದೊಂದು ನಿಲ್ದಾಣವೂ ಕೋಷ್ಟಕದ ಒಂದು ಸಾಲಾಗಿರಬೇಕು, ಸಾಲಿನಲ್ಲಿ ವೃತ್ತ, ಹೆಸರು, ಬಸ್ಸಿನ ಸಮಯ, ನಕ್ಷೆಯ ಕೊಂಡಿ ಎಲ್ಲ ಇರಬೇಕು ಎಂದಾಗ ಮೊದಲ ದಾರಿ ಸಾಲದು. ಆಗ ವೃತ್ತ ಎಲ್ಲಿರಬೇಕು ಎಂಬುದನ್ನು ನೀವೇ ಎಚ್‌ಟಿಎಂಎಲ್‌ನಲ್ಲಿ ಇಟ್ಟು, ಎಲ್ಲವನ್ನೂ ಒಂದು ಗ್ರೂಪಿನೊಳಗೆ ಸೇರಿಸುತ್ತೀರಿ.

ಇಲ್ಲಿ ಯಾರ ಹೊಣೆ ಏನು ಎಂಬುದು ಮುಖ್ಯ. ‘ಪ್ರಯಾಣಿಕರು ಆರಿಸಿದ್ದು ಏನು’ ಎಂಬುದು ಗ್ರೂಪಿನ ಮಾಡೆಲ್‌ನಲ್ಲಿರುತ್ತದೆ. ‘ನಾನು ಯಾವ ಆಯ್ಕೆಯ ಪ್ರತಿನಿಧಿ’ ಎಂಬುದು ಪ್ರತಿ ರೇಡಿಯೊದ ಮಾಡೆಲ್‌ನಲ್ಲಿರುತ್ತದೆ. ಮೂರನೆಯ ರೇಡಿಯೊ ಕೆಂಗೇರಿಯನ್ನು ಹಿಡಿದುಕೊಂಡಿರುತ್ತದೆ; ಅದು ಒತ್ತಲ್ಪಟ್ಟರೆ ಗ್ರೂಪ್ ಅದರ ಕೈಯಿಂದ ಕೆಂಗೇರಿಯನ್ನು ತೆಗೆದು ಬುಕಿಂಗ್‌ನ ಖಾನೆಯಲ್ಲಿಡುತ್ತದೆ. ರೇಡಿಯೊ ತಾನಾಗಿ ಏನನ್ನೂ ಬರೆಯುವುದಿಲ್ಲ. ಕಲಿಯುವವರು ಮೊದಲು ಎಡವುವುದು ಇಲ್ಲಿ: ಬುಕಿಂಗ್‌ನ ಖಾನೆಯ ಮಾಡೆಲ್ಲನ್ನು ಪ್ರತಿ ರೇಡಿಯೊಗೂ ಕೊಟ್ಟುಬಿಡುತ್ತಾರೆ. ಆಗ ನಾಲ್ಕೂ ಒಂದೇ ಬೆಲೆಯನ್ನು ಹಿಡಿದು ನಿಲ್ಲುತ್ತವೆ, ಯಾವುದನ್ನು ಒತ್ತಿದರೂ ಏನೂ ಬದಲಾಗುವುದಿಲ್ಲ.

ರೇಡಿಯೊ ತನ್ನ ಗ್ರೂಪನ್ನು ಹೇಗೆ ಕಂಡುಕೊಳ್ಳುತ್ತದೆ? ಕಾಂಪೊನೆಂಟ್‌ಗಳ ವಂಶವೃಕ್ಷದಲ್ಲಿ ಮೇಲೇರುತ್ತಾ ಹೋಗಿ, ಮೊದಲು ಸಿಕ್ಕ ರೇಡಿಯೊಗ್ರೂಪನ್ನು ತನ್ನದೆಂದುಕೊಳ್ಳುತ್ತದೆ. ಯಾವುದೂ ಸಿಗದಿದ್ದರೆ ಪುಟ ತೋರಿಸುವಾಗಲೇ ದೋಷ ಎಸೆಯುತ್ತದೆ. ಇದು ಒಳ್ಳೆಯದೇ. ಗುಂಪಿಲ್ಲದ ರೇಡಿಯೊ ಮೌನವಾಗಿ ಪರದೆಗೆ ಬಂದುಬಿಟ್ಟರೆ ತಪ್ಪು ಹಿಡಿಯುವಷ್ಟರಲ್ಲಿ ದಿನಗಳೇ ಕಳೆದಿರುತ್ತವೆ.

ನೇಮ್ ಮತ್ತು ವ್ಯಾಲ್ಯೂ ಎರಡನ್ನೂ ವಿಕೆಟ್ ತಾನೇ ತುಂಬುತ್ತದೆ. ನೇಮ್ ಎಂದರೆ ಫಾರ್ಮಿನೊಳಗೆ ಆ ಗ್ರೂಪ್ ಇರುವ ಹಾದಿ. ಐದು ಪ್ರಯಾಣಿಕರಿಗೆ ಐದು ಸಾಲು, ಪ್ರತಿ ಸಾಲಿನಲ್ಲೂ ‘ಊಟ: ಸಸ್ಯಾಹಾರ, ಮಾಂಸಾಹಾರ’ ಎಂಬ ಗ್ರೂಪ್ ಇದ್ದರೂ ಐದಕ್ಕೂ ಬೇರೆ ಬೇರೆ ಹಾದಿ, ಹಾಗಾಗಿ ಬೇರೆ ಬೇರೆ ನೇಮ್. ಕೈಯಿಂದ ಬರೆಯುವಾಗ ಐದಕ್ಕೂ ಒಂದೇ ನೇಮ್ ಕೊಟ್ಟುಬಿಟ್ಟರೆ ಅಮ್ಮನಿಗೆ ಸಸ್ಯಾಹಾರ ಒತ್ತಿದಾಗ ಮಗನ ಚುಕ್ಕಿ ಮಾಯವಾಗುತ್ತದೆ. ವಿಕೆಟ್‌ನಲ್ಲಿ ಆ ತಪ್ಪಿಗೆ ಎಡೆಯಿಲ್ಲ.

ಚುಕ್ಕಿ ಎಲ್ಲಿ ಮೂಡಬೇಕು

ಬುಕಿಂಗ್ ತಿದ್ದಲು ಪುಟವನ್ನು ಮತ್ತೆ ತೆರೆದಾಗ, ಮೊದಲು ಆರಿಸಿದ್ದ ಕೆಂಗೇರಿಗೆ ಚುಕ್ಕಿ ಇರಬೇಕು. ಪ್ರತಿ ರೇಡಿಯೊ ತನ್ನ ಕೈಯಲ್ಲಿರುವ ಆಬ್ಜೆಕ್ಟನ್ನು ಗ್ರೂಪಿನ ಆಬ್ಜೆಕ್ಟಿನೊಡನೆ ಹೋಲಿಸುತ್ತದೆ. ಎರಡೂ ಸಮವಾದರೆ ಚುಕ್ಕಿ. ಹೋಲಿಕೆ ನಡೆಯುವುದು ಜಾವಾದ ‘ಈಕ್ವಲ್ಸ್’ ಎಂಬ ವಿಧಾನದಿಂದ.

ನಿಲ್ದಾಣಗಳನ್ನು ಡೇಟಾಬೇಸಿನಿಂದ ಪ್ರತಿ ಸಲ ಹೊಸದಾಗಿ ತರುತ್ತಿದ್ದೀರಿ ಎಂದುಕೊಳ್ಳಿ. ಬುಕಿಂಗ್ ಹಿಡಿದಿರುವ ಕೆಂಗೇರಿಯೂ ಪಟ್ಟಿಯಲ್ಲಿ ಬಂದ ಕೆಂಗೇರಿಯೂ ನಮಗೆ ಒಂದೇ. ಆದರೆ ಜಾವಾದ ಕಣ್ಣಿಗೆ ಅವು ನೆನಪಿನಲ್ಲಿ ಬೇರೆ ಬೇರೆ ಕಡೆ ಇರುವ ಎರಡು ಆಬ್ಜೆಕ್ಟ್‌ಗಳು. ‘ಗುರುತಿನ ಸಂಖ್ಯೆ ಒಂದೇ ಆದರೆ ಸಮ’ ಎಂದು ನೀವು ಈಕ್ವಲ್ಸ್ ಬರೆಯದಿದ್ದರೆ ಅದು ‘ಇವೆರಡೂ ಬೇರೆ’ ಅನ್ನುತ್ತದೆ. ಆಗ ಡೇಟಾಬೇಸಿನಲ್ಲಿ ಕೆಂಗೇರಿ ಸರಿಯಾಗಿಯೇ ಇರುತ್ತದೆ, ಪರದೆಯಲ್ಲಿ ಮಾತ್ರ ಯಾವ ವೃತ್ತಕ್ಕೂ ಚುಕ್ಕಿ ಇರುವುದಿಲ್ಲ. ‘ಉಳಿಸಿದ್ದು ಉಳಿದಿಲ್ಲ’ ಎಂದು ಬಳಕೆದಾರರು ದೂರುತ್ತಾರೆ, ಪ್ರೋಗ್ರಾಮರ್ ಡೇಟಾಬೇಸ್ ತಡಕಾಡುತ್ತಾ ಕೂರುತ್ತಾರೆ. ಇಂಥ ದೂರು ಬಂದಾಗ ಮೊದಲು ನೋಡಬೇಕಾದದ್ದು ಈಕ್ವಲ್ಸ್. ಜೊತೆಗೆ ‘ಹ್ಯಾಶ್‌ಕೋಡ್’ ಕೂಡ ಬರೆಯಬೇಕು, ಜಾವಾದಲ್ಲಿ ಅವೆರಡೂ ಜೋಡಿ.

ಇನ್ನೊಂದು ಸೂಕ್ಷ್ಮವಿದೆ. ಪ್ರಯಾಣಿಕರು ಕೆಂಗೇರಿ ಒತ್ತಿ, ಕೆಳಗೆ ಮೊಬೈಲ್ ಸಂಖ್ಯೆಯಲ್ಲಿ ಒಂದಂಕಿ ಬಿಟ್ಟು ಫಾರ್ಮ್ ಕಳುಹಿಸಿದರು. ಫಾರ್ಮ್ ದೋಷದೊಂದಿಗೆ ಮರಳಿ ಬರುತ್ತದೆ. ಆಗ ಚುಕ್ಕಿ ಎಲ್ಲಿರಬೇಕು? ಅವರು ಈಗಷ್ಟೇ ಒತ್ತಿದ ಕೆಂಗೇರಿಯಲ್ಲಿ. ಆದರೆ ಫಾರ್ಮ್ ಪೂರ್ತಿ ಸರಿಯಾಗುವ ತನಕ ವಿಕೆಟ್ ಯಾವ ಮಾಡೆಲ್ಲನ್ನೂ ಮುಟ್ಟುವುದಿಲ್ಲ. ಕಡ್ಡಾಯವಾದದ್ದು ಬಂದಿದೆಯೇ, ಪಠ್ಯವನ್ನು ಆಬ್ಜೆಕ್ಟ್ ಮಾಡಬಹುದೇ, ನಿಯಮಗಳಿಗೆ ಒಪ್ಪುತ್ತದೆಯೇ ಎಂದು ಪ್ರತಿ ಅಂಶವನ್ನೂ ಪರೀಕ್ಷಿಸಿ, ಎಲ್ಲವೂ ಪಾಸಾದರೆ ಮಾತ್ರ ಬರೆಯುತ್ತದೆ. ಹಾಗಾಗಿ ಬುಕಿಂಗ್‌ನಲ್ಲಿ ಇನ್ನೂ ಹಳೆಯ ಬೆಲೆಯೇ ಇರುತ್ತದೆ. ಈ ಇಕ್ಕಟ್ಟಿಗೆಂದೇ ವಿಕೆಟ್ ಬ್ರೌಸರಿನಿಂದ ಬಂದ ಕಚ್ಚಾ ಪಠ್ಯವನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡಿರುತ್ತದೆ. ಕಚ್ಚಾ ಪಠ್ಯವಿದ್ದರೆ ಅದರಂತೆ ಚುಕ್ಕಿ, ಇಲ್ಲದಿದ್ದರೆ ಮಾಡೆಲ್‌ನಂತೆ. ಸಣ್ಣ ವಿಷಯ ಅನ್ನಿಸಬಹುದು. ಹತ್ತು ಪ್ರಶ್ನೆಗಳ ಅರ್ಜಿ ತುಂಬಿ, ಒಂದು ತಪ್ಪಿಗಾಗಿ ಹತ್ತನ್ನೂ ಮತ್ತೆ ತುಂಬಬೇಕಾಗಿ ಬಂದವರಿಗೆ ಅದರ ಬೆಲೆ ಗೊತ್ತು.

ಕೆಂಗೇರಿ ರಾಮನಗರವಾದದ್ದು ಹೇಗೆ

ಈಗ ಮೊದಲಿನ ಪ್ರಶ್ನೆ. ರೇಡಿಯೊಚಾಯ್ಸ್‌ಗೆ ನಿಲ್ದಾಣಗಳ ಪಟ್ಟಿ ಕೊಟ್ಟಾಗ, ಪ್ರತಿ ನಿಲ್ದಾಣವನ್ನು ಪರದೆಯಲ್ಲಿ ಹೇಗೆ ತೋರಿಸಬೇಕು, ವ್ಯಾಲ್ಯೂ ಆಗಿ ಏನು ಬರೆಯಬೇಕು ಎಂದು ಹೇಳಲು ‘ಚಾಯ್ಸ್‌ರೆಂಡರರ್’ ಎಂಬ ಸಹಾಯಕ ಇರುತ್ತದೆ. ತೋರಿಸಲು ನಿಲ್ದಾಣದ ಹೆಸರು ಎಂದು ಹೇಳಿ, ವ್ಯಾಲ್ಯೂಗೆ ಏನೆಂದು ಹೇಳದೆ ಬಿಟ್ಟರೆ, ಅದು ಪಟ್ಟಿಯಲ್ಲಿನ ಸ್ಥಾನವನ್ನೇ ವ್ಯಾಲ್ಯೂ ಆಗಿ ಬರೆಯುತ್ತದೆ. ಎಣಿಕೆ ಸೊನ್ನೆಯಿಂದ ಶುರು: ಮೆಜೆಸ್ಟಿಕ್ 0, ಸ್ಯಾಟಲೈಟ್ 1, ಕೆಂಗೇರಿ 2, ರಾಮನಗರ 3.

ನೀವು ಕೆಂಗೇರಿ ಒತ್ತಿದಿರಿ. ನಿಮ್ಮ ಬ್ರೌಸರಿನಲ್ಲಿ ಕಾದು ಕೂತದ್ದು ‘2’. ನೀವು ಫೋನಿನಲ್ಲಿ ಮಾತಾಡುತ್ತಿದ್ದಾಗ ಬಸ್ ಕಂಪನಿಯವರು ಅಂದಿನ ಮಟ್ಟಿಗೆ ಸ್ಯಾಟಲೈಟ್ ನಿಲುಗಡೆಯನ್ನು ತೆಗೆದರು. ಈಗ ಸರ್ವರ್ ಡೇಟಾಬೇಸಿನಿಂದ ತರುವ ಪಟ್ಟಿ: ಮೆಜೆಸ್ಟಿಕ್ 0, ಕೆಂಗೇರಿ 1, ರಾಮನಗರ 2. ನೀವು ‘ಮುಂದೆ’ ಒತ್ತಿದಾಗ ಹೋದದ್ದು ‘2’. ಸರ್ವರ್ ‘2’ ಎಂಬ ಸ್ಥಾನ ನೋಡಿತು, ರಾಮನಗರ ಸಿಕ್ಕಿತು, ಬರೆದುಕೊಂಡಿತು. ಇವಿಎಂನಲ್ಲಿ ಮತದಾನ ನಡೆಯುತ್ತಿರುವಾಗಲೇ ಕಾಗದ ಬದಲಿಸಿದ ಹಾಗಾಯಿತು ಇದು. ಎಲ್ಲ ಪರೀಕ್ಷೆಗಳೂ ಪಾಸು, ಏಕೆಂದರೆ ‘2’ ತಪ್ಪು ಬೆಲೆಯಲ್ಲ.

ಪರಿಹಾರ ಒಂದೇ ಸಾಲಿನದು. ವ್ಯಾಲ್ಯೂ ಆಗಿ ನಿಲ್ದಾಣದ ಸ್ವಂತ ಗುರುತಿನ ಸಂಖ್ಯೆಯನ್ನು ಬಳಸಬೇಕೆಂದು ಚಾಯ್ಸ್‌ರೆಂಡರರಿಗೆ ಹೇಳಬೇಕು. ಕೆಂಗೇರಿಯ ಗುರುತು 417 ಆಗಿದ್ದರೆ, ಪಟ್ಟಿ ಹೇಗೇ ಹಿಂದೆಮುಂದಾದರೂ ಅದು 417. ಕೆಂಗೇರಿಯನ್ನೇ ತೆಗೆದಿದ್ದರೆ 417 ಪಟ್ಟಿಯಲ್ಲಿ ಸಿಗುವುದಿಲ್ಲ. ಪ್ರಶ್ನೆ ಕಡ್ಡಾಯ ಎಂದಿದ್ದರೆ ಪ್ರಯಾಣಿಕರನ್ನು ಮತ್ತೊಮ್ಮೆ ಆರಿಸಲು ಕೇಳುತ್ತದೆ. ತಪ್ಪು ನಿಲ್ದಾಣ ಬರೆದುಕೊಳ್ಳುವುದಕ್ಕಿಂತ ಮತ್ತೆ ಕೇಳುವುದು ಎಷ್ಟೋ ಮೇಲು. ಡೇಟಾಬೇಸಿನಿಂದ ಬರುವ ಯಾವ ಪಟ್ಟಿಗೂ ಸ್ಥಾನವನ್ನು ಗುರುತಾಗಿ ಬಳಸಬಾರದು ಎಂದೇ ನಾನು ಹೇಳುವುದು. ಎಂದೂ ಬದಲಾಗದ ‘ಹೌದು, ಇಲ್ಲ’ ಪಟ್ಟಿಗಾದರೆ ಸ್ಥಾನ ಸಾಕು.

ರೇಡಿಯೊಗ್ರೂಪ್‌ನದೇ ಒಂದು ದೋಷ

ರೇಡಿಯೊಗ್ರೂಪ್ ಬಳಸಿದರೆ ವ್ಯಾಲ್ಯೂ ಆಗಿ ಪಟ್ಟಿಯ ಸ್ಥಾನ ಹೋಗುವುದಿಲ್ಲ. ಅಲ್ಲಿ ಪ್ರತಿ ರೇಡಿಯೊ ಹುಟ್ಟಿದ ಮೇಲೆ ವಿಕೆಟ್ ಅದಕ್ಕೊಂದು ಸರಣಿ ಸಂಖ್ಯೆ ಕೊಡುತ್ತದೆ. ವ್ಯಾಲ್ಯೂ ‘ರೇಡಿಯೊ’ ಎಂಬ ಪದಕ್ಕೆ ಆ ಸಂಖ್ಯೆ ಅಂಟಿಸಿದ ರೂಪದಲ್ಲಿರುತ್ತದೆ. ಮರಳಿ ಬಂದ ಪಠ್ಯ ಹಿಡಿದು ಗ್ರೂಪ್ ತನ್ನೊಳಗಿನ ರೇಡಿಯೊಗಳನ್ನು ಒಂದೊಂದಾಗಿ ಕೇಳುತ್ತದೆ, ಇದು ನಿನ್ನದೇ ಎಂದು. ಯಾರೂ ಒಪ್ಪದಿದ್ದರೆ ಜೋರಾಗಿ ದೋಷ ಎಸೆಯುತ್ತದೆ: ಬಂದ ಬೆಲೆ ಯಾವ ರೇಡಿಯೊವನ್ನೂ ತೋರಿಸುತ್ತಿಲ್ಲ, ಪುಟ ತೋರಿಸಿದ್ದಕ್ಕೂ ಫಾರ್ಮ್ ಕಳುಹಿಸಿದ್ದಕ್ಕೂ ನಡುವೆ ಕಾಂಪೊನೆಂಟ್‌ಗಳ ರಚನೆ ಬದಲಾಗಿರಬಹುದು ಎಂಬ ಅರ್ಥದ ಉದ್ದನೆಯ ಸಂದೇಶ.

ಈ ಸಂದೇಶ ಕಂಡು ಕಂಗಾಲಾಗುವ ಹೊಸಬರು ಬಹಳ. ಸಾಮಾನ್ಯ ಕಾರಣ ಇದು: ಸಾಲುಗಳನ್ನು ‘ಲಿಸ್ಟ್‌ವ್ಯೂ’ ಎಂಬ ಕಾಂಪೊನೆಂಟಿನಿಂದ ಮಾಡಿರುತ್ತಾರೆ. ಲಿಸ್ಟ್‌ವ್ಯೂ ಪುಟ ಮತ್ತೆ ಮೂಡುವಾಗಲೆಲ್ಲ ಹಳೆಯ ಸಾಲುಗಳನ್ನು ಬಿಸಾಡಿ ಹೊಸದಾಗಿ ಕಟ್ಟುತ್ತದೆ, ಅದು ಅದರ ಸಹಜ ಪದ್ಧತಿ. ಹೊಸ ಸಾಲು ಎಂದರೆ ಹೊಸ ರೇಡಿಯೊ, ಹೊಸ ಸರಣಿ ಸಂಖ್ಯೆ. ದೋಷದೊಂದಿಗೆ ಮರಳಿ ಬಂದ ಫಾರ್ಮಿನಲ್ಲಿ, ಎತ್ತಿಟ್ಟ ಕಚ್ಚಾ ಪಠ್ಯ ಹಳೆಯ ಸಂಖ್ಯೆಯದು. ಯಾವ ಹೊಸ ರೇಡಿಯೊಗೂ ಅದು ಹೊಂದುವುದಿಲ್ಲ. ಚುಕ್ಕಿ ಮಾಯ. ಪುಟದ ಒಂದು ಭಾಗವಷ್ಟೇ ಹೊಸದಾಗಿ ಬಂದು ಬ್ರೌಸರಿನಲ್ಲಿ ಹಳೆಯ ವೃತ್ತಗಳೇ ಉಳಿದರೆ ದೋಷವೇ ಬರುತ್ತದೆ. ಚಪ್ಪಲಿ ಸ್ಟ್ಯಾಂಡಿನವರು ಊಟದ ಮಧ್ಯೆ ಎಲ್ಲ ಟೋಕನ್ನುಗಳ ಸಂಖ್ಯೆ ಬದಲಿಸಿಬಿಟ್ಟ ಹಾಗೆ.

ಇದ್ದ ಸಾಲುಗಳನ್ನೇ ಮರುಬಳಸು ಎಂದು ಲಿಸ್ಟ್‌ವ್ಯೂಗೆ ಹೇಳುವ ಒಂದು ಸೆಟ್ಟಿಂಗ್ ಇದೆ, ‘ಸೆಟ್ ರೀಯೂಸ್ ಐಟಮ್ಸ್’. ಫಾರ್ಮಿನೊಳಗೆ ಲಿಸ್ಟ್‌ವ್ಯೂ ಇಟ್ಟರೆ ಇದನ್ನು ಕಣ್ಣುಮುಚ್ಚಿ ಹಾಕುವುದು ರೂಢಿ. ‘ಡೇಟಾವ್ಯೂ’ನಂಥ ಇತರ ಕಾಂಪೊನೆಂಟ್‌ಗಳಿಗೆ, ಮಾಡೆಲ್ ಸಮವಿದ್ದರೆ ಹಳೆಯ ಸಾಲನ್ನೇ ಉಳಿಸಿಕೊಳ್ಳುವ ತಂತ್ರವೊಂದಿದೆ. ಅದೂ ಮತ್ತೆ ಈಕ್ವಲ್ಸ್ ಮೇಲೆಯೇ ನಿಂತಿದೆ, ಗಮನಿಸಿ.

ಈ ಬಿಗಿತನದಿಂದ ಒಂದು ಲಾಭವೂ ಇದೆ. ಬ್ರೌಸರಿನಲ್ಲಿ ವ್ಯಾಲ್ಯೂವನ್ನು ಯಾರು ಬೇಕಾದರೂ ತಿದ್ದಿ ಕಳುಹಿಸಬಹುದು. ಬಂದ ಬೆಲೆಯನ್ನು ಹಾಗೇ ನಂಬುವ ಕೋಡ್, ಪಟ್ಟಿಯಲ್ಲಿ ತೋರಿಸದ ಆಯ್ಕೆಯನ್ನೂ ಒಪ್ಪಿಬಿಡಬಹುದು. ವಿಕೆಟ್ ತಾನು ತೋರಿಸಿದ ರೇಡಿಯೊಗಳಲ್ಲಿ ಒಂದರ ಬೆಲೆಯಾಗಿದ್ದರೆ ಮಾತ್ರ ಒಳಗೆ ಬಿಡುತ್ತದೆ.

ಒತ್ತಿದ ತಕ್ಷಣ ಏನಾದರೂ ಆಗಬೇಕೆಂದರೆ

ಕೆಂಗೇರಿ ಒತ್ತಿದ ಕೂಡಲೇ, ಫಾರ್ಮ್ ಕಳುಹಿಸುವ ಮೊದಲೇ, ಬಸ್ ಬರುವ ಸಮಯ ಪಕ್ಕದಲ್ಲಿ ಕಾಣಬೇಕು. ಇದು ಅಜಾಕ್ಸ್ ಕೆಲಸ: ಪುಟ ಪೂರ್ತಿ ಬದಲಾಗದೆ ಒಂದು ತುಂಡು ಮಾತ್ರ ಬದಲಾಗುವುದು. ಪಠ್ಯದ ಖಾನೆಗೆ ಬಳಸುವ ಅಜಾಕ್ಸ್ ಬಿಹೇವಿಯರ್ (ಕಾಂಪೊನೆಂಟಿಗೆ ಅಂಟಿಸುವ ಹೆಚ್ಚುವರಿ ನಡತೆ) ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಗ್ರೂಪ್ ಎಂಬುದು ಒಂದು ಇನ್‌ಪುಟ್ ಅಲ್ಲ. ಒತ್ತುವುದು ಅದರೊಳಗಿನ ಯಾವುದೋ ವೃತ್ತವನ್ನು. ಅದಕ್ಕೆಂದೇ ‘ಅಜಾಕ್ಸ್ ಫಾರ್ಮ್ ಚಾಯ್ಸ್ ಕಾಂಪೊನೆಂಟ್ ಅಪ್‌ಡೇಟಿಂಗ್ ಬಿಹೇವಿಯರ್’ ಎಂಬ ಉದ್ದ ಹೆಸರಿನ ಬೇರೆ ಜಾವಾ ಕ್ಲಾಸೇ ಇದೆ. ರೇಡಿಯೊ ಗುಂಪು, ಚೆಕ್ ಗುಂಪು ಎಂದರೆ ಇದನ್ನೇ ಬಳಸಬೇಕು.

ರೇಡಿಯೊಗ್ರೂಪ್ ತನ್ನಷ್ಟಕ್ಕೆ ತನ್ನ ಟ್ಯಾಗನ್ನು ಪುಟದಲ್ಲಿ ಮೂಡಿಸುವುದಿಲ್ಲ, ಒಳಗಿನದನ್ನು ಮಾತ್ರ ಮೂಡಿಸುತ್ತದೆ. ಬಾಗಿಲ ಸಂಖ್ಯೆ ಇಲ್ಲದ ಮನೆಯಂತೆ, ಗ್ರೂಪನ್ನೇ ಅಜಾಕ್ಸ್‌ನಿಂದ ಬದಲಿಸಲು ಹೋದರೆ ಬ್ರೌಸರಿಗೆ ಅದು ಸಿಗುವುದೇ ಇಲ್ಲ. ಟ್ಯಾಗನ್ನೂ ಮೂಡಿಸು ಎಂದು ಮೊದಲೇ ಹೇಳಿರಬೇಕು, ಅಥವಾ ಗ್ರೂಪಿನ ಸುತ್ತ ಇನ್ನೊಂದು ಆವರಣ ಹಾಕಿ ಅದನ್ನು ಬದಲಿಸಬೇಕು.

ಲೇಬಲ್, ಕೀಲಿಮಣೆ, ಕನ್ನಡ

ವೃತ್ತ ಚಿಕ್ಕದು. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಅದನ್ನೇ ಗುರಿಯಿಟ್ಟು ಒತ್ತುವುದು ಕಷ್ಟ. ಹೆಸರನ್ನು ‘ಲೇಬಲ್’ ಟ್ಯಾಗಿನಲ್ಲಿಟ್ಟು ವೃತ್ತಕ್ಕೆ ಜೋಡಿಸಿದರೆ ಹೆಸರಿನ ಮೇಲೆ ಒತ್ತಿದರೂ ಸಾಕು. ರೇಡಿಯೊಚಾಯ್ಸ್ ಇದನ್ನು ತಾನೇ ಮಾಡುತ್ತದೆ. ರೇಡಿಯೊಗ್ರೂಪ್‌ನಲ್ಲಿ ನೀವೇ ಜೋಡಿಸಬೇಕು, ಲೇಬಲ್ ಟ್ಯಾಗಿಗೆ ವಿಕೆಟ್‌ನ ‘ಫಾರ್’ ಗುಣ ಹಾಕಿ ರೇಡಿಯೊದ ಗುರುತು ಕೊಟ್ಟರಾಯಿತು. ಇಡೀ ಗುಂಪಿನ ಪ್ರಶ್ನೆ, ಅಂದರೆ ‘ಎಲ್ಲಿ ಹತ್ತುತ್ತೀರಿ’ ಎಂಬುದು, ‘ಫೀಲ್ಡ್‌ಸೆಟ್’ ಮತ್ತು ‘ಲೆಜೆಂಡ್’ ಟ್ಯಾಗ್‌ಗಳಲ್ಲಿರಬೇಕು. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶ ಬಳಸುವಾಗ ಬರೀ ‘ಕೆಂಗೇರಿ’ ಎಂದು ಕೇಳಿಸಿದರೆ ಪ್ರಯೋಜನವಿಲ್ಲ, ಪ್ರಶ್ನೆಯೂ ಕೇಳಿಸಬೇಕು. ಕೀಲಿಮಣೆಯಲ್ಲಿ ಟ್ಯಾಬ್ ಒತ್ತಿದರೆ ಗುಂಪಿಗೆ ಬರಬೇಕು, ಬಾಣದ ಕೀಲಿಗಳಿಂದ ಗುಂಪಿನೊಳಗೆ ಓಡಾಡಬೇಕು. ನಿಜವಾದ ರೇಡಿಯೊ ಇನ್‌ಪುಟ್ ಬಳಸಿದರೆ ಬ್ರೌಸರ್ ಇದನ್ನು ಉಚಿತವಾಗಿ ಕೊಡುತ್ತದೆ. ಅಂದಕ್ಕಾಗಿ ಅದನ್ನು ಕಿತ್ತು, ಚಿತ್ರ ಬಿಡಿಸಿದ ವೃತ್ತ ಹಾಕುವವರು ಇಷ್ಟನ್ನೂ ಕಳೆದುಕೊಳ್ಳುತ್ತಾರೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಆಯ್ಕೆಗಳು ಕನ್ನಡದಲ್ಲಿರಬೇಕೆಂದರೆ ಇನ್ನೊಂದು ಹೆಜ್ಜೆ. ಊಟದಂಥ ಸ್ಥಿರ ಆಯ್ಕೆಗಳನ್ನು ಜಾವಾದಲ್ಲಿ ‘ಈನಮ್’ ಆಗಿ ಬರೆಯುತ್ತಾರೆ, ಅದರ ಹೆಸರುಗಳು ಇಂಗ್ಲಿಷಿನಲ್ಲಿರುತ್ತವೆ. ‘ಈನಮ್ ಚಾಯ್ಸ್‌ರೆಂಡರರ್’ ಈನಮ್ ಹೆಸರು, ಪೂರ್ಣವಿರಾಮದ ಚಿಹ್ನೆ (.), ಆಯ್ಕೆಯ ಹೆಸರು ಸೇರಿಸಿದ ಕೀಲಿಯೊಂದನ್ನು ಮಾಡಿ, ಭಾಷೆಗೆ ತಕ್ಕ ಪ್ರಾಪರ್ಟೀಸ್ ಕಡತದಲ್ಲಿ ಹುಡುಕುತ್ತದೆ. ಕನ್ನಡದ ಕಡತದಲ್ಲಿ ಆ ಕೀಲಿಯ ಎದುರು ‘ಸಸ್ಯಾಹಾರ’ ಎಂದಿದ್ದರೆ ಪರದೆಯಲ್ಲಿ ಅದೇ ಕಾಣುತ್ತದೆ. ಸರ್ವರಿಗೆ ಹೋಗುವ ವ್ಯಾಲ್ಯೂ ಯಾವ ಭಾಷೆಯಲ್ಲಿ ನೋಡಿದರೂ ಒಂದೇ. ಹೆಸರು ಬೇರೆ, ಗುರುತು ಬೇರೆ ಎಂಬ ನಿಯಮ ಇಲ್ಲಿ ಕನ್ನಡಕ್ಕೆ ದಾರಿ ಮಾಡಿಕೊಡುತ್ತದೆ.

ಆದರೆ ಜಾವಾದ ಪ್ರಾಪರ್ಟೀಸ್ ಕಡತಗಳು ಮೂಲದಲ್ಲಿ ಪಶ್ಚಿಮ ಯೂರೋಪಿನ ಅಕ್ಷರಗಳಿಗೆಂದೇ ಆದವು. ಕನ್ನಡವನ್ನು ನೇರವಾಗಿ ಬರೆದರೆ ಪರದೆಯಲ್ಲಿ ವಿಚಿತ್ರ ಗುರುತುಗಳ ಸಾಲು ಬರುತ್ತಿತ್ತು. ಪ್ರತಿ ಅಕ್ಷರವನ್ನೂ ಯೂನಿಕೋಡ್ ಸಂಕೇತವಾಗಿ ಬರೆಯಬೇಕಿತ್ತು. 2017ರಲ್ಲಿ ಬಂದ ಜಾವಾ 9, ತನ್ನ ರಿಸೋರ್ಸ್ ಬಂಡಲ್‌ಗಳಿಗೆ (ಭಾಷೆವಾರು ಪ್ರಾಪರ್ಟೀಸ್ ಕಡತಗಳ ಗುಂಪು), ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿಯುವ ಯುಟಿಎಫ್-8 ಅನ್ನು ಸಹಜ ಕ್ರಮವಾಗಿ ಮಾಡಿತು. ಆದರೆ ವಿಕೆಟ್ ಈ ಕಡತಗಳನ್ನು ತನ್ನದೇ ಲೋಡರ್‌ನಿಂದ ಓದುತ್ತದೆ. ಆದ್ದರಿಂದ ಕಡತದ ಹೆಸರಿನಲ್ಲಿ ಪ್ರಾಪರ್ಟೀಸ್ ಎಂಬುದಕ್ಕೆ ಮೊದಲು ಯುಟಿಎಫ್8 ಸೇರಿಸಬೇಕು, ಇಲ್ಲವೇ ಎಕ್ಸ್‌ಎಂಎಲ್ ರೂಪದ ಕಡತ ಬಳಸಬೇಕು. ಆಗ ಕನ್ನಡವನ್ನು ಕನ್ನಡವಾಗಿಯೇ ಬರೆಯಬಹುದು.

ಬೇರೆ ಫ್ರೇಮ್‌ವರ್ಕ್‌ಗಳಲ್ಲಿ

ಅಪಾಚೆ ಟ್ಯಾಪೆಸ್ಟ್ರಿಯಲ್ಲೂ ರೇಡಿಯೊಗ್ರೂಪ್ ಮತ್ತು ರೇಡಿಯೊ ಎಂಬ ಜೋಡಿಯೇ ಇದೆ. ಅಲ್ಲಿ ರೇಡಿಯೊ ವಂಶವೃಕ್ಷ ಹತ್ತುವುದಿಲ್ಲ. ಗ್ರೂಪ್ ಮೂಡಲು ಶುರುವಾದಾಗ ‘ಈಗ ಗುಂಪು ನಾನು’ ಎಂದು ಸುತ್ತಲಿನ ಪರಿಸರದಲ್ಲಿ ಸಾರುತ್ತದೆ, ಒಳಗಿನ ರೇಡಿಯೊಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಆಬ್ಜೆಕ್ಟನ್ನು ಪಠ್ಯ ಮಾಡುವ, ಪಠ್ಯವನ್ನು ಆಬ್ಜೆಕ್ಟ್ ಮಾಡುವ ಎರಡೂ ಕೆಲಸ ‘ವ್ಯಾಲ್ಯೂ ಎನ್‌ಕೋಡರ್’ನದು.

ಜಾವಾಸರ್ವರ್ ಫೇಸಸ್ ತನ್ನ ರೇಡಿಯೊ ಟ್ಯಾಗಿನಿಂದ ಆಯ್ಕೆಗಳನ್ನು ಕೋಷ್ಟಕವಾಗಿಯೇ ಮೂಡಿಸುತ್ತಿತ್ತು. ಅಡ್ಡಸಾಲು ಅಥವಾ ಉದ್ದಸಾಲು, ಅಷ್ಟೇ ಸ್ವಾತಂತ್ರ್ಯ. ವೃತ್ತಗಳನ್ನು ಪುಟದಲ್ಲಿ ಬೇಕಾದ ಕಡೆ ಇಟ್ಟು ‘ಗ್ರೂಪ್’ ಎಂಬ ಗುಣದಿಂದ ಬೆಸೆಯುವ ಅವಕಾಶ ಬಂದದ್ದು 2017ರ 2.3 ಆವೃತ್ತಿಯಲ್ಲಿ.

ರೇಡಿಯೊ ಬೇಡವಾದ ಕಡೆ

1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳಿದ್ದರು. ಅಷ್ಟು ಹೆಸರುಗಳ ನಡುವೆ ಒಂದನ್ನು ಹುಡುಕುವ ಪಾಡು ನೆನೆಸಿಕೊಳ್ಳಿ. ರೇಡಿಯೊ ಬಟನ್‌ನ ಗುಣವೆಂದರೆ ಎಲ್ಲ ಆಯ್ಕೆಗಳೂ ಒಟ್ಟಿಗೆ ಕಣ್ಣಿಗೆ ಬೀಳುವುದು. ಐದಾರರ ತನಕ ಅದು ಹಿತ. ಕರ್ನಾಟಕದ 31 ಜಿಲ್ಲೆಗಳಲ್ಲಿ ಒಂದನ್ನು ಆರಿಸಿ ಎನ್ನುವಾಗ ಇಳಿಪಟ್ಟಿಯೇ ಸರಿ. ವಿಕೆಟ್‌ನಲ್ಲಿ ಅದರ ಹೆಸರು ‘ಡ್ರಾಪ್‌ಡೌನ್‌ಚಾಯ್ಸ್’. ಅದೂ ರೇಡಿಯೊಚಾಯ್ಸ್ ಕೂಡ ಒಂದೇ ವಂಶದವು, ಒಂದೇ ಚಾಯ್ಸ್‌ರೆಂಡರರ್ ಬಳಸುತ್ತವೆ, ಹಾಗಾಗಿ ಬದಲಿಸಲು ಹೆಚ್ಚು ಶ್ರಮವಿಲ್ಲ.

ಪುಟ ತೆರೆದಾಗ ಯಾವುದಕ್ಕಾದರೂ ಚುಕ್ಕಿ ಇರಬೇಕೇ? ಹೆಚ್ಚಿನವರು ಆರಿಸುವುದು ಯಾವುದೆಂದು ಗೊತ್ತಿದ್ದು, ತಪ್ಪಿದರೂ ತೊಂದರೆಯಿಲ್ಲ ಎನ್ನುವಲ್ಲಿ ಇರಲಿ. ಲಿಂಗ, ಧರ್ಮ, ಅಂಗಾಂಗ ದಾನದಂಥ ಪ್ರಶ್ನೆಗೆ ಮೊದಲೇ ಚುಕ್ಕಿ ಇಟ್ಟರೆ, ಓದದೆ ದಾಟಿದವರ ಉತ್ತರವನ್ನು ನಾವೇ ಬರೆದಂತಾಗುತ್ತದೆ. ಅಲ್ಲಿ ಮಾಡೆಲ್ಲನ್ನು ನಲ್ ಆಗಿಯೇ ಬಿಟ್ಟು, ಪ್ರಶ್ನೆಯನ್ನು ಕಡ್ಡಾಯ ಮಾಡಬೇಕು. ಉತ್ತರಿಸಲು ಇಷ್ಟವಿಲ್ಲದವರಿಗೂ ಒಂದು ವೃತ್ತ ಬೇಕು, ಏಕೆಂದರೆ ಒಮ್ಮೆ ಒತ್ತಿದ ರೇಡಿಯೊವನ್ನು ತೆಗೆಯುವ ದಾರಿ ಅವರಿಗೆ ಇಲ್ಲ. ಸುಪ್ರೀಂ ಕೋರ್ಟ್ ತೀರ್ಪಿನಂತೆ 2013ರಲ್ಲಿ ಇವಿಎಂಗೆ ನೋಟಾ ಗುಂಡಿ ಬಂದಾಗ, ‘ಯಾರೂ ಬೇಡ’ ಎಂಬುದಕ್ಕೂ ಒಂದು ಗುಂಡಿ, ಒಂದು ಎಣಿಕೆ ಸಿಕ್ಕಿತು. ಫಾರ್ಮಿನಲ್ಲಿ ‘ಹೇಳಲು ಇಷ್ಟವಿಲ್ಲ’ ಎಂಬ ಇನ್ನೊಂದು ರೇಡಿಯೊ ಮಾಡುವುದೂ ಅದನ್ನೇ. ಅದಕ್ಕೂ ತನ್ನದೇ ಲೇಬಲ್ ಇರುತ್ತದೆ, ತನ್ನದೇ ವ್ಯಾಲ್ಯೂ ಇರುತ್ತದೆ, ಡೇಟಾಬೇಸಿನಲ್ಲಿ ಅದು ನಲ್‌ನಿಂದ ಬೇರೆಯಾಗಿ ಉಳಿಯುತ್ತದೆ.